ವಾಲುಗೋಪುರಕ್ಕೆ ಬೆನ್ನು ಕೊಟ್ಟವರು

ನನ್ನ ಗಂಟಲಿಗೆ ಏನೋ ಆಗಿದೆ. ಡಾಕ್ಟರಿಗೆ ತೋರಿಸುವಂಥದ್ದಲ್ಲ. ಒಬ್ಬಳೇ ಇದ್ದಾಗ ಸರಾಗವಾಗಿ ಮಾತಾಡುತ್ತದೆ, ಕನ್ನಡಿ ಮುಂದೆ ಜಗಳವಾಡಿ ಗೆದ್ದೂ ಬರುತ್ತದೆ. ಎದುರಿಗೆ ನಾಲ್ಕು ಜನ ಕೂತರೆ ಮಾತ್ರ ಅದರಿಂದ ‘ಹೂಂ’ ಬಿಟ್ಟು ಇನ್ನೇನೂ ಹೊರಡುವುದಿಲ್ಲ. ಈ ದಸರಾದಲ್ಲಿ ಅಂಥ ಒಂದು ‘ಹೂಂ’ನಿಂದ ನನ್ನ ಇಡೀ ಊರೇ ಕೈತಪ್ಪಿ ಹೋಯಿತು.

ಊರು ಅಂದರೆ ತೊರೂನ್. ಪೋಲೆಂಡಿನಲ್ಲಿದೆ. ನಾನು ನೋಡಿದ್ದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ. ಅಪ್ಪನ ಸ್ನೇಹಿತರೊಬ್ಬರು ಅಲ್ಲಿಂದ ತಂದುಕೊಟ್ಟ ಮಸಾಲೆ ಬಿಸ್ಕತ್ತು ಶುಂಠಿ ಕಷಾಯ ಗಟ್ಟಿಯಾದ ಹಾಗಿತ್ತು, ಯಾರೂ ತಿನ್ನಲಿಲ್ಲ. ಡಬ್ಬಿ ನನ್ನ ಪಾಲಿಗೆ ಬಂತು. ಮುಚ್ಚಳದಲ್ಲಿ ಒಂದು ನದಿ, ದಡಕ್ಕೆ ಕೋಟೆಗೋಡೆ, ಅದರ ಹಿಂದೆ ಏಳು ನೂರು ವರ್ಷದಷ್ಟು ಹಳೆಯ ಕೆಂಪು ಇಟ್ಟಿಗೆಯ ಊರು. ಜ್ಞಾನಭಾರತಿಯಲ್ಲಿ ಫಿಸಿಕ್ಸ್ ಎಂಎಸ್ಸಿ ಮುಗಿಸಿ ಮನೆಯಲ್ಲೇ ಕೂತಿದ್ದ ನಾನು ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ, ಅಂಟಿಸಿ, ಕೆಮ್ಮಣ್ಣು ಬಳಿದು ಆ ಊರನ್ನು ಕಟ್ಟತೊಡಗಿದೆ. ಮಹಾಲಯ ಅಮಾವಾಸ್ಯೆ ಹೊತ್ತಿಗೆ ಅದು ಬಸವೇಶ್ವರನಗರದ ನಮ್ಮ ಹಾಲ್‌ನ ಅರ್ಧ ನುಂಗಿತ್ತು.

“ಗೊಂಬೆ ಎಲ್ಲೇ ಕೂರಿಸ್ಲಿ ನಾನು?” ಅಂತ ಅಮ್ಮ ತಲೆ ಮೇಲೆ ಕೈ ಹೊತ್ತಳು.

“ಊರೊಳಗೇ ಕೂರಿಸು,” ಅಂದಳು ಅಜ್ಜಿ.

ಹಾಗೆ ಪಟ್ಟದ ಗೊಂಬೆಗಳು ತೊರೂನಿನ ಪುರಭವನದ ಬಾಗಿಲಲ್ಲಿ ನಿಂತವು. ಶೆಟ್ಟರು ಚೌಕದಲ್ಲಿ ಅಕ್ಕಿ ಬೇಳೆ ಅಂಗಡಿ ತೆರೆದರು. ದಶಾವತಾರ ಕೋಟೆಗೋಡೆ ಮೇಲೆ ಸಾಲಾಗಿ ಕಾವಲಿಗೆ ನಿಂತಿತು. ಇನ್ನೊಂದು ಮೂಲೆಯ ಪಾಳುಬಿದ್ದ ಕೋಟೆಯನ್ನು ಅಜ್ಜಿಗೆ ತೋರಿಸಿ, ಊರಿನವರೇ ಇದನ್ನು ಕೆಡವಿ ಆಮೇಲೆ ನೂರಾರು ವರ್ಷ ಅದರೊಳಗೆ ಕಸ ಹಾಕುತ್ತಿದ್ದರು ಎಂದೆ. “ನಮ್ಮ ಕ್ರಾಸ್‌ನ ಖಾಲಿ ಸೈಟ್ ಥರ,” ಅಂತ ಅಜ್ಜಿಗೆ ತಕ್ಷಣ ಅರ್ಥವಾಯಿತು. ಅಜ್ಜಿ ಒಬ್ಬಳ ಹತ್ತಿರ ನನ್ನ ಗಂಟಲು ಕೈಕೊಡುವುದಿಲ್ಲ.

“ಇವನ್ಯಾರೇ?” ಎಂದು ಪುಟ್ಟ ಪ್ರತಿಮೆಯೊಂದನ್ನು ಮುಟ್ಟಿದಳು.

“ಕೋಪರ್ನಿಕಸ್. ಇದೇ ಊರಲ್ಲಿ ಹುಟ್ಟಿದ್ದು. ಸೂರ್ಯ ನಡುವೆ ಇರೋದು ಅಂತ ಹೇಳಿದೋನು.”

“ನಮ್ಮ ನವಗ್ರಹದಲ್ಲಿ ಸೂರ್ಯ ಮೊದಲಿಂದ್ಲೂ ನಡುವೇನೇ ನಿಂತಿದಾನಲ್ಲೇ! ಇಷ್ಟಕ್ಕೆ ಪ್ರತಿಮೆ ಬೇರೆ ಇಟ್ರಾ?” ಎಂದು ನವಗ್ರಹದ ಗೊಂಬೆಗಳನ್ನು ತಂದು ಅವನ ಕಾಲ ಬಳಿ ಸಾಕ್ಷಿಗೆ ನಿಲ್ಲಿಸಿದಳು.

ಮೊದಲ ಸಂಜೆ ವಿಜಯನಗರದಿಂದ ಜ್ಯೋತಿಲಕ್ಷ್ಮಿ ಅತ್ತೆ ಬಂದರು, ಜೊತೆಗೆ ಮಗ ಸುಘೋಷ್. ಅವನು ಆರ್ಕಿಟೆಕ್ಚರ್ ಓದುತ್ತಿದ್ದಾನೆ. ಅಮ್ಮನ ಮಾತಿಗೆ ಸ್ಟೂಲ್ ಹತ್ತಿ ಸೀರಿಯಲ್ ಸೆಟ್ ಹಾಕಿಕೊಟ್ಟ. ಅಷ್ಟರಲ್ಲಿ ಗೊಂಬೆ ನೋಡಲು ಅಕ್ಕಪಕ್ಕದ ಹೆಂಗಸರು ಒಳಗೆ ಬಂದರು. ಅತ್ತೆ ಹೆಮ್ಮೆಯಿಂದ ಅಂದರು, “ನಮ್ಮ ಸುಘೋಷನ ಕೈಕೆಲಸ ನೋಡಿ! ಅಲ್ವೇನೇ ತನ್ಮಯಿ?”

ಎಲ್ಲರೂ ನನ್ನ ಕಡೆ ತಿರುಗಿದರು.

“ಹೂಂ,” ಎಂದೆ.

ಅಲ್ಲಿಗೆ ಮುಗಿಯಿತು. ಸುಘೋಷ್ ದಿನಾ ಸಂಜೆ ಇಸ್ತ್ರಿ ಕುರ್ತಾ ಹಾಕಿಕೊಂಡು ಹಾಜರಾಗತೊಡಗಿದ. “ಅಯ್ಯೋ ಬಿಡಿ ಆಂಟಿ, ಸುಮ್ನೆ ಟೈಮ್‌ಪಾಸ್‌ಗೆ ಮಾಡಿದ್ದು,” ಅನ್ನುವುದನ್ನು ಎಷ್ಟು ವಿನಯದಿಂದ ಅನ್ನುತ್ತಿದ್ದನೆಂದರೆ ನನಗೇ ಒಮ್ಮೊಮ್ಮೆ ಅವನ ಮೇಲೆ ಗೌರವ ಬರುತ್ತಿತ್ತು. ಅಮ್ಮನಿಗೆ ಸತ್ಯ ಗೊತ್ತು. “ಹೋಗ್ಲಿ ಬಿಡೇ, ನಾದಿನಿ ಜೊತೆ ಹಬ್ಬದಲ್ಲಿ ನಿಷ್ಠೂರ ಯಾಕೆ,” ಎಂದಳು. ನಾನೂ ಬಿಟ್ಟಿದ್ದೆ, ಆಯುಧಪೂಜೆ ಸಂಜೆಯವರೆಗೆ.

ಅವತ್ತು ಗೋವಿಂದರಾಜನಗರದ ಬಸವರಾಜೇಶ್ವರಿ ಮೇಡಂ ಬಂದರು. ಬಿಲ್ಡರ್‌ಗಳಿಗೆ, ಮ್ಯೂಸಿಯಂಗಳಿಗೆ ಕಟ್ಟಡದ ಮಾಡೆಲ್ ಮಾಡಿಕೊಡುವ ವರ್ಕ್‌ಶಾಪ್ ಅವರದು. ಕುಂಕುಮ ತೆಗೆದುಕೊಂಡವರು ಕೂರಲಿಲ್ಲ. ನೆಲಕ್ಕೆ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಚರ್ಚಿನ ಗೋಡೆಯ ಇಟ್ಟಿಗೆಗಳನ್ನು ಉಗುರಿನಿಂದ ಸವರಿದರು. ಒಂದೊಂದನ್ನೂ ದಬ್ಬಳದ ಮೊನೆಯಿಂದ ಗೀರಿದ್ದೆ.

“ನಮ್ಮಲ್ಲಿ ಇಂಥದೇ ಒಂದು ಕೈ ಬೇಕಾಗಿದೆ,” ಎಂದರು. “ದಸರಾ ಆದ ಮೇಲೆ ಕೆಲಸಕ್ಕೆ ಬರೋ ಹಾಗಿದ್ರೆ ನಾಳೇನೇ ಮಾತಾಡ್ತೀನಿ. ಯಾರು ಮಾಡಿದ್ದು ಇದು?”

“ನನ್ನ ಮಗ!” ಎಂದರು ಅತ್ತೆ.

ಸುಘೋಷ್ ಕುರ್ತಾ ಸರಿಮಾಡಿಕೊಂಡ. ನನ್ನ ಗಂಟಲು ಎಂದಿನಂತೆ ಬಾಗಿಲು ಹಾಕಿಕೊಂಡಿತು. ಆ ಕೆಲಸ ಮಾತ್ರ ನನಗೆ ಬೇಕೇ ಬೇಕಾಗಿತ್ತು. ಅಜ್ಜಿಯ ಕಿವಿಗೆ ಬಗ್ಗಿ ತೊರೂನಿನ ವಾಲುಗೋಪುರದ ಕಥೆ ಹೇಳಿದೆ.

ಅಜ್ಜಿ ಉಸಲಿ ತಟ್ಟೆಯನ್ನು ಚಮಚದಿಂದ ಟಣಟಣ ಬಡಿದಳು. “ಕೇಳ್ರಪ್ಪಾ! ಆ ಬಾಗಿಲ ಪಕ್ಕದಲ್ಲಿ ಆಳೆತ್ತರಕ್ಕೆ ವಾಲ್ಕೊಂಡು ನಿಂತಿದೆಯಲ್ಲ, ಅದು ಆ ಊರಿನ ಗೋಪುರ. ಹಿಂದೆ ಬ್ರಹ್ಮಚರ್ಯದ ವ್ರತ ತೊಟ್ಟಿದ್ದ ಒಬ್ಬ ಸನ್ಯಾಸಿ ಸೈನಿಕ ವ್ಯಾಪಾರಿ ಮಗಳ ಹಿಂದೆ ಬಿದ್ದ. ನಿನ್ನ ನಡತೆ ಹೇಗಿದೆಯೋ ಹಾಗೇ ಸೊಟ್ಟ ಕಟ್ಟು ಅಂತ ಅವನಿಗೆ ಶಿಕ್ಷೆ ಕೊಟ್ರಂತೆ. ಅದಕ್ಕೆ ಹಿಮ್ಮಡಿ, ಬೆನ್ನು ಒತ್ತಿ, ಎರಡೂ ಕೈ ಮುಂದೆ ಚಾಚಿ ನಿಂತು ಮಾತಾಡ್ಬೇಕು. ಸುಳ್ಳು ಹೇಳಿದ್ರೆ ಬೀಳ್ತಾರೆ!”

ಅದು ಕಿಚನ್ ಕೆಲಸದಲ್ಲಿ ಉಳಿದ ಪ್ಲೈವುಡ್. ಹಿಂದಿನಿಂದ ಕಿಟಕಿಯ ಗ್ರಿಲ್‌ಗೆ ತಂತಿ ಬಿಗಿದು ನಿಲ್ಲಿಸಿದ್ದೆ. ಮೂಲಕ್ಕಿಂತ ಒಂದು ಚೂರು ಜಾಸ್ತಿಯೇ ವಾಲಿಸಿದ್ದೆ.

ಮೊದಲು ಅಪ್ಪ ನಿಂತರು. “ನಾನು ದಿನಾ ಬೆಳಿಗ್ಗೆ ಪಾರ್ಕ್‌ನಲ್ಲಿ ವಾಕ್ ಮಾಡ್ತೀನಿ.” ದಬಕ್ಕನೆ ಮುಗ್ಗರಿಸಿದರು.

“ನಂಗೊತ್ತಿತ್ತು!” ಅಂದಳು ಅಮ್ಮ. “ದಿನಾ ಶರ್ಟ್‌ನಲ್ಲಿ ಬೋಂಡ ವಾಸನೆ!”

ಅತ್ತೆ ಸೆರಗು ಸಿಕ್ಕಿಸಿ ನಿಂತರು. “ಈ ಸೀರೆ ಡಿಸ್ಕೌಂಟ್ ಸೇಲ್‌ದಲ್ಲ.” ಸೀದಾ ಅಮ್ಮನ ತೋಳಿಗೆ ಬಂದು ಬಿದ್ದರು. ಅಪ್ಪ ಕಣ್ಣೀರು ಬರುವಷ್ಟು ನಕ್ಕರು.

“ಬಾರೋ ಸುಘೋಷ,” ಅಂದಳು ಅಜ್ಜಿ, ಬಲು ಮುದ್ದಿನಿಂದ. “ಈ ಊರು ಕಟ್ಟಿದ್ದು ನಾನು ಅನ್ನು, ಸಾಕು.”

“ಇದೆಲ್ಲಾ ಮೂಢನಂಬಿಕೆ ಅಜ್ಜಿ.”

“ಹಾಗಾದ್ರೆ ಭಯ ಯಾಕೆ ಕಂದಾ?”

ನಿಂತ. ಕೈ ಚಾಚಿದ. “ಈ ಊರು ಕಟ್...” ಮುಂದಿನ ಅಕ್ಷರ ಶೆಟ್ಟರ ಅಂಗಡಿಯಲ್ಲಿ ಬಿತ್ತು. ಅವನೂ ಬಿದ್ದ. ತೊಗರಿಬೇಳೆ ನದಿಯವರೆಗೂ ಹಾರಿತು.

“ಸಾಕ್ಸ್ ಜಾರ್ತು!” ಎಂದು ಎದ್ದ. ಮೇಡಂ ನಗುತ್ತಲೇ ಕೇಳಿದರು, “ಇರ್ಲಿ, ಎಲ್ಲರೂ ಯಾಕಪ್ಪಾ ಬಿದ್ರು? ಕಟ್ಟಿದೋನಿಗೆ ಗೊತ್ತಿರ್ಬೇಕಲ್ಲ.”

“ಅದು... ಫೌಂಡೇಶನ್ ಇಶ್ಯೂ ಮೇಡಂ,” ಎಂದ.

“ಹಾಗಾದ್ರೆ ನಮ್ಮ ತನ್ಮಯಿ ನಿಲ್ಲಲಿ,” ಅಂದಳು ಅಜ್ಜಿ, ಗೆದ್ದವಳ ಹಾಗೆ.

ಆಗ ನನ್ನ ತಪ್ಪು ನನಗೆ ಹೊಳೆಯಿತು. ಎಲ್ಲರೂ ಬೀಳಲೇಬೇಕು ಎಂದು ಲೆಕ್ಕ ಹಾಕಿ ವಾಲಿಸಿದವಳು ನಾನು. ಅಲ್ಲಿ ನಿಂತು ನಿಜ ಹೇಳಿದರೂ ಬೀಳುತ್ತೇನೆ. ಎಲ್ಲರ ಮುಂದೆ, ನನ್ನದೇ ಗೋಪುರದಿಂದ, ಸುಳ್ಳಿ ಅನ್ನಿಸಿಕೊಳ್ಳುತ್ತೇನೆ. ಸುಘೋಷನಿಗೂ ಅಷ್ಟು ಹೊಳೆದಿರಬೇಕು. “ಬಾ ಬಾ,” ಎಂದು ದಾರಿ ಬಿಟ್ಟ.

ಹೋಗಿ ಹಿಮ್ಮಡಿ ಒತ್ತಿದೆ. ಪ್ಲೈವುಡ್ ಹೆಗಲನ್ನು ಮೆಲ್ಲಗೆ ಮುಂದಕ್ಕೆ ನೂಕಿತು. ಹಾಲ್ ತುಂಬ ಜನ, ಎಲ್ಲರ ಬಾಯಲ್ಲೂ ನಗು ತಯಾರಾಗಿತ್ತು. ಬೀಳುವ ಮೊದಲೇ ನಾನಾಗಿಯೇ ಎರಡು ಹೆಜ್ಜೆ ಮುಂದೆ ಬಂದು, ಚೆಲ್ಲಿದ ಬೇಳೆಯ ಮೇಲೆ ನೆಟ್ಟಗೆ ನಿಂತೆ.

“ಹೂಂ...” ಎಂದಿತು ಗಂಟಲು, ಅಭ್ಯಾಸಬಲದಿಂದ.

ಆಮೇಲೆ ತೆರೆಯಿತು.

“ಮೇಡಂ, ಅದಕ್ಕೆ ಬೆನ್ನು ಕೊಟ್ರೆ ನಿಮ್ಮ ಭಾರ ಪಾದ ದಾಟಿ ಮುಂದೆ ಹೋಗತ್ತೆ, ನಿಜ ಹೇಳಿದ್ರೂ ಬೀಳ್ತೀರ. ಹಾಗೇ ವಾಲಿಸಿ ಕಟ್ಟಿದೀನಿ. ಈ ಊರು ಕಟ್ಟಿದ್ದು ನಾನು.”