ತಲೆನೋವು ಎಂಬ ಅಡ್ಡಹೆಸರು

ಕನ್ನಡಕದ ಅಂಗಡಿಯವನಿಗೆ ಮನೆಯಲ್ಲಿ ತಲೆನೋವು ಎಂದು ಹೆಸರು. ಇಟ್ಟವಳು ಹೆಂಡತಿ. ಮದುವೆಯಾದ ಹೊಸತರಲ್ಲಿ ಗೋಡೆಯ ಪಟ ಕೂದಲೆಳೆಯಷ್ಟು ಸೊಟ್ಟಗಿದೆ ಎಂದು ಅವನು ಮತ್ತೆ ಮತ್ತೆ ಇಳಿಸಿ ಏರಿಸುತ್ತಿದ್ದಾಗ, "ಒಳ್ಳೆ ತಲೆನೋವು ಗಂಟುಬಿತ್ತಲ್ಲಪ್ಪ ನಂಗೆ" ಎಂದಿದ್ದಳು. ಅದೇ ಗಟ್ಟಿಯಾಯಿತು. "ನಮ್ಮ ತಲೆನೋವು ಇನ್ನೂ ಊಟಕ್ಕೆ ಬಂದಿಲ್ಲ" ಎಂದು ತಾಯಿಗೆ ಫೋನಿನಲ್ಲಿ ಹೇಳುವಳು. "ರೀ ತಲೆನೋವು, ಕಿಟಕಿ ಹಾಕಿದ್ರಾ?" ಎಂದು ಒಳಗಿನಿಂದ ಕೂಗುವಳು. ಬಹುವಚನವೂ ಬೇಕು, ಬೈಗುಳವೂ ಬೇಕು. ಅವನು ಅವಳನ್ನು ಟೀಚರ್ ಎನ್ನುತ್ತಿದ್ದ. ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುವುದು ಅವಳ ಕೆಲಸ.

ಹೀಗಾಗಿ ಆ ಮನೆಗೆ ನಿಜವಾದ ತಲೆನೋವು ಬಂದಾಗ ಅದನ್ನು ಕರೆಯಲು ಹೆಸರೇ ಉಳಿದಿರಲಿಲ್ಲ.

ಮಹಾಮಾರಿ ಹಬ್ಬಿದ ಆ ವರ್ಷ ಲಸಿಕೆಗೆ ಇಬ್ಬರೂ ಜೊತೆಯಲ್ಲೇ ಹೋಗಿದ್ದರು. ಅಕ್ಕಪಕ್ಕ ಕೂತು, ಒಂದೇ ಸೀಸೆಯಿಂದ ಹಾಕಿಸಿಕೊಂಡಿದ್ದರು. ಒಂದು ದಿನ ಮೈ ಬಿಸಿಯಾಯಿತು. ಅವಳಿಗಿಂತ ಹೆಚ್ಚು ನರಳಿದವನು ಅವನೇ. ಆಮೇಲೆ ಎಲ್ಲ ಮೊದಲಿನಂತಾಯಿತು. ಎರಡನೇ ವಾರದ ಒಂದು ಸಂಜೆ ಅವಳು ಸೋಫಾಗೆ ಒರಗಿ, "ರೀ, ಈ ತಲೆನೋವು ಹೋಗ್ತಾನೇ ಇಲ್ಲ" ಎಂದಳು.

"ಎಲ್ಲಿಗೆ ಹೋಗ್ಲಿ ಟೀಚರ್? ಈಗ ತಾನೇ ಅಂಗಡಿ ಬಾಗ್ಲು ಹಾಕ್ಕೊಂಡು ಬಂದೆ."

ಅವಳು ನಕ್ಕಳು. ನಕ್ಕದ್ದಕ್ಕೇ ಅವನು ನಂಬಿದ. ಮರುದಿನ, "ಬಗ್ಗಿದ್ರೆ ಜಾಸ್ತಿ ಆಗುತ್ತೆ" ಎಂದಾಗ, "ನೀನು ಬಗ್ಗಬೇಡ, ನಾನೇ ತಲೆಬಾಗ್ತೀನಿ" ಎಂದ. ಅದಕ್ಕೆ ಅವಳು ನಗಲಿಲ್ಲ. "ಎಲ್ಲಾ ಎರಡೆರಡು ಕಾಣ್ತಿದೆ ಕಣ್ರೀ" ಎಂದಾಗ ಮಾತ್ರ ಅವನ ಕಿವಿ ನೆಟ್ಟಗಾಯಿತು, ಅದೂ ತಪ್ಪು ದಿಕ್ಕಿಗೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ, ಕನ್ನಡಕದವನಿಗೆ ಲೋಕದ ಕಷ್ಟವೆಲ್ಲ ಪವರ್ ಬದಲಾದದ್ದೇ. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಅವಳನ್ನು ಅಂಗಡಿಯ ಎತ್ತರದ ಕುರ್ಚಿಯ ಮೇಲೆ ಕೂರಿಸಿದ.

ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಇಟ್ಟು ಒಂದೊಂದೇ ಗಾಜು ಹಾಕಿ ತೆಗೆದ. "ಇದು ಚೆನ್ನಾಗಿದೆಯಾ, ಇದಾ?" ಅವಳು ಯಾವುದಕ್ಕೂ ಸರಿಯಾಗಿ ಉತ್ತರಿಸಲಿಲ್ಲ. "ಹೋಗ್ಲಿ, ಮೇಲಿರೋ ದೊಡ್ಡ ಅಕ್ಷರ ಓದು."

ಅಂಗೈಯಗಲದ ಅಕ್ಷರ. ಅವಳು ನೋಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಬಲಗೈ ಎತ್ತಲು ಹೋದಳು, ಅದು ಮೇಲೇಳಲಿಲ್ಲ. ಎಡಗೈ ಎತ್ತಿ, ಮಕ್ಕಳಿಗೆ ಹೇಳಿಕೊಡುವ ಹಾಗೆ, ಗಾಳಿಯಲ್ಲಿ ಆ ಅಕ್ಷರವನ್ನು ಸುತ್ತು ತಪ್ಪದೆ ಬರೆದಳು. ಮತ್ತೆ ಬರೆದಳು. ಕಣ್ಣಿನಲ್ಲಿ ನೀರು ತುಂಬಿತು. "ಗೊತ್ತು" ಎಂದಳು. "ಗೊತ್ತು, ಗೊತ್ತು."

ಅವನು ಫ್ರೇಮು ತೆಗೆದಿಟ್ಟು ಅವಳನ್ನು ಹಿಡಿದುಕೊಂಡ. ಕುರ್ಚಿಯಿಂದ ಇಳಿಸುವಾಗ ಅವಳ ಕಾಲಿನ ತುಂಬ ಗುಂಡುಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು ಕಂಡವು. ಅಂಗಡಿಗೆ ಬೀಗ ಹಾಕುವುದೂ ಮರೆತು ಅವಳನ್ನು ಟ್ಯಾಕ್ಸಿಗೆ ಹತ್ತಿಸಿದ.

ಆಸ್ಪತ್ರೆಯ ಡಾಕ್ಟರಮ್ಮ ಚುಕ್ಕೆಗಳನ್ನು ನೋಡಿ, "ಇತ್ತೀಚೆಗೆ ಲಸಿಕೆ ಏನಾದ್ರೂ ಹಾಕಿಸ್ಕೊಂಡಿದ್ರಾ?" ಎಂದು ಕೇಳಿದರು. ಹೌದೆಂದಾಗ ಅವರ ಮಾತೂ ನಡಿಗೆಯೂ ಚುರುಕಾದವು. ಸ್ಕ್ಯಾನ್ ಆದಮೇಲೆ ಅವನನ್ನು ಪರದೆಯ ಮುಂದೆ ನಿಲ್ಲಿಸಿದರು.

ಕಪ್ಪಿನ ಮೇಲೆ ಬಿಳಿಯಾಗಿ ನೂರಾರು ಕವಲುಗಳು ಹರಡಿದ್ದವು. ಕೂದಲಿನಷ್ಟು ಸಣ್ಣ ನಾಳಗಳು ಸೇರಿ ದೊಡ್ಡದಾಗಿ, ತಲೆಬುರುಡೆಯ ಅಂಚಿನಲ್ಲಿ ಬಾಗಿ ಕುತ್ತಿಗೆಯ ಕಡೆಗೆ ಇಳಿದಿದ್ದವು. ಅವನು ಮೈಮರೆತು ನಿಂತ. ಅವಳ ಕಣ್ಣುಗಳನ್ನು ಗಾಜಿನ ಮೂಲಕ ಎಷ್ಟು ವರ್ಷ ನೋಡಿದ್ದ. ಅವುಗಳ ಹಿಂದೆ ಇಂಥದೊಂದು ಹರಿಯುತ್ತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಎಡಗಡೆ ಮಾತ್ರ ದೊಡ್ಡ ನಾಳ ಇರಬೇಕಾದಲ್ಲಿ ಬರಿಯ ಕಪ್ಪು.

"ಅಲ್ಲಿ ರಕ್ತ ಹೆಪ್ಪುಗಟ್ಟಿದೆ" ಎಂದರು ಡಾಕ್ಟರಮ್ಮ. "ಲಸಿಕೆ ಬಂದಾಗ ಮೈ ತನ್ನ ಕಾವಲಿಗೆ ಪಡೆ ಕಟ್ಟುತ್ತೆ. ಇವರ ಮೈಯಲ್ಲಿ ಆ ಪಡೆಯ ಒಂದು ಗುಂಪು ಇವರದೇ ರಕ್ತದ ಮೇಲೆ ತಿರುಗಿಬಿದ್ದಿದೆ. ಹೆಪ್ಪುಗಟ್ಟಿಸೋ ಕಣಗಳೆಲ್ಲ ಸುಮ್ಸುಮ್ನೆ ಖರ್ಚಾಗ್ತಿವೆ. ಅದಕ್ಕೇ ಒಂದು ಕಡೆ ಗಡ್ಡೆ, ಇನ್ನೊಂದು ಕಡೆ ರಕ್ತಸ್ರಾವ."

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಇರಬೇಕು ಎನ್ನಿಸಿತು ಅವನಿಗೆ. ಕರಗಿಸೋ ಔಷಧಿ ಕೊಡಿ ಎಂದು ಬೇಡಿಕೊಂಡ.

"ಯಾವಾಗ್ಲೂ ಕೊಡೋದನ್ನ ಇದಕ್ಕೆ ಕೊಟ್ರೆ ಉರಿಯೋ ಬೆಂಕಿಗೆ ತುಪ್ಪ ಸುರಿದಂಗೆ ಆಗ್ಬಹುದು. ಬೇರೆ ದಾರಿ ಇದೆ. ಜೀವ ಉಳಿಸೋಕೆ ನೋಡ್ತೀವಿ. ಮಾತು ವಾಪಸ್ ಬರುತ್ತೋ ಇಲ್ವೋ, ಈಗ ಹೇಳೋಕಾಗಲ್ಲ."

ಅಷ್ಟರಲ್ಲಿ ಅವಳ ತಾಯಿ ಬಂದರು. ಮಗಳನ್ನು ನೋಡಿ, "ಹಾಕಿಸ್ಕೊಳ್ಳಲೇಬಾರದಿತ್ತಾ?" ಎಂದು ಡಾಕ್ಟರಮ್ಮನನ್ನೇ ಕೇಳಿದರು.

"ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತಮ್ಮ. ಲಸಿಕೆಯಿಂದ ಬದುಕಿದವರು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಆದ್ರೆ ಆ ಒಬ್ಬರು ನಿಮ್ಮ ಮಗಳಾದಾಗ ಈ ಲೆಕ್ಕದಿಂದ ಸಮಾಧಾನ ಆಗಲ್ಲ, ಗೊತ್ತು ನಂಗೆ."

ಗಾಜಿನ ಬಾಟಲಿಯೊಂದನ್ನು ತಂದು ತೂಗುಹಾಕಿದರು. ಒಳಗೆ ನೀರಿನಂಥದ್ದೇನೋ ಇತ್ತು. ಯಾವ ಔಷಧಿ ಎಂದು ಅವನು ಕೇಳಿದ.

"ಔಷಧಿ ಅನ್ನೋದಕ್ಕಿಂತ ಜನ ಅನ್ನಿ" ಎಂದರು ನರ್ಸಮ್ಮ. "ಸಾವಿರಾರು ಜನ ಕೊಟ್ಟ ರಕ್ತದಿಂದ ಅವರ ಕಾವಲು ಪಡೆಯನ್ನ ತೆಗೆದು ಒಟ್ಟಿಗೆ ಸೇರಿಸಿರ್ತಾರೆ. ಇವರ ಒಳಗೆ ದಂಗೆ ಎದ್ದಿರೋರನ್ನ ಅವರು ಹೋಗಿ ಸುಮ್ಮನಾಗಿಸ್ಬೇಕು."

ಅವನು ಹನಿಗಳನ್ನೇ ನೋಡುತ್ತ ಕೂತ. ಸಾವಿರಾರು ಜನ. ಎಲ್ಲೋ ತೋಳು ಚಾಚಿ ರಕ್ತ ಕೊಟ್ಟು, ಎದ್ದು, ಮನೆಗೆ ಹೋದವರು. ಒಬ್ಬರಿಗೂ ಟೀಚರ್ ಯಾರೆಂದು ಗೊತ್ತಿಲ್ಲ. ಅವರೆಲ್ಲ ಈಗ ಸಾಲುಗಟ್ಟಿ ಅವಳ ತೋಳಿನೊಳಗೆ ಇಳಿಯುತ್ತಿದ್ದಾರೆ. ದೇವರ ಮುಂದೆಯೂ ಅಷ್ಟು ಭಕ್ತಿಯಿಂದ ನಿಂತವನಲ್ಲ ಅವನು. ಈಗ ಎದ್ದು ನಿಂತು ಆ ಬಾಟಲಿಗೆ ಕೈಮುಗಿದ. ಅತ್ತೆ ನೋಡಿದರು, ತಾವೂ ಮುಗಿದರು.

ಜೀವಕ್ಕೆ ಭಯವಿಲ್ಲ ಎಂದು ಹೇಳುವ ದಿನ ಬಂತು. ಅವಳು ಕಣ್ಣು ಬಿಟ್ಟಳು, ನೀರು ಕುಡಿದಳು, ತಾಯಿಯ ಕೈ ಹಿಡಿದಳು. ಮಾತು ಮಾತ್ರ ಇಲ್ಲ. ಡಾಕ್ಟರಮ್ಮ ಪೆನ್ನು ತೋರಿಸಿದರು, ಚಮಚ ತೋರಿಸಿದರು. ಅವಳ ತುಟಿ ಅಲುಗಿ ನಿಂತುಹೋಗುತ್ತಿತ್ತು. ಒಂದು ಬೆಳಿಗ್ಗೆ ಅವರು ಅವನನ್ನು ಮಂಚದ ಹತ್ತಿರ ಕರೆದು ನಿಲ್ಲಿಸಿ, "ಇವರು ಯಾರು, ಹೇಳಿ" ಎಂದರು.

ಅವಳು ಅವನನ್ನೇ ನೋಡಿದಳು. ಕತ್ತಲ ಕೋಣೆಯಲ್ಲಿ ಸ್ವಿಚ್ಚಿಗೆ ತಡಕಾಡುವವರ ಹಾಗೆ ಹುಡುಕಿದಳು. ಅವನು ಉಸಿರು ಬಿಗಿಹಿಡಿದ.

"ತಲೆ..." ಎಂದಳು. ನಿಂತಳು. ಮತ್ತೆ ಹುಡುಕಿದಳು. "ತಲೆನೋವು."

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಸರಕ್ಕನೆ ನರ್ಸಮ್ಮನ ಕಡೆ ತಿರುಗಿ, "ಮತ್ತೆ ನೋವು ಶುರುವಾಗಿದೆ, ಸ್ಕ್ಯಾನ್‌ಗೆ ಹೇಳಿ, ಬೇಗ" ಎಂದರು.

ಅವನು ಅಡ್ಡ ಕೈ ಚಾಚಿದ. ಈಗ ಮಾತು ಸಿಗದಿರುವ ಸರದಿ ಅವನದು.

"ಬೇಡ ಡಾಕ್ಟ್ರೇ" ಎಂದ ಕೊನೆಗೆ. "ಅದು ನಾನು."