ಹಾಳೂರಿನ ಹಗೇವು

ಆಡಿನ ಮರಿ ಬಿತ್ತು. ಮೊದಲು ಒಂದು ಹಿಡಿ ಮಣ್ಣು, ಆಮೇಲೆ ನಾಲ್ಕು ಗೊರಸು, ಆಮೇಲೆ ನನ್ನ ತಳದಲ್ಲಿ ಮೆತ್ತನೆಯ ಸದ್ದು. ಎಷ್ಟೋ ನೂರು ವರ್ಷಗಳ ನಂತರ ನನ್ನೊಳಗೆ ಒಂದು ಜೀವ ಒದರುತ್ತಿತ್ತು.

ನನ್ನ ಬಾಯಿಯಷ್ಟೇ ಅಗಲದ ಆಕಾಶದಲ್ಲಿ ಎರಡು ಮುಖ ಕಾಣಿಸಿದವು.

"ಚುಕ್ಕೀ," ಎಂದಳು ಹೆಂಗಸು.

ನಾನು ಒಂದು ಹಗೇವು. ನೆಲದೊಳಗೆ ಜೋಳ ಕಾಯುವ ಗುಂಡಿ. ಇಬ್ಬರು ಒಡ್ಡರು ಒಂದು ಬೇಸಿಗೆಯಿಡೀ ನನ್ನನ್ನು ತೋಡಿದರು. ಕುತ್ತಿಗೆ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಮನೆಯ ವರ್ಷದ ಕಾಳು ಹಿಡಿಯುವಷ್ಟು, ಆಳ ಎರಡಾಳು. ಒಳಗೆ ಬೆಂಕಿ ಹಾಕಿ ಗೋಡೆ ಸುಟ್ಟು ಗಟ್ಟಿ ಮಾಡಿದರು.

ನನ್ನ ಜನರನ್ನು ನಾನು ಅಂಗಾಲಿನಿಂದ ಗುರುತಿಸುತ್ತಿದ್ದೆ. ಸೊಸೆ ನೀಲವ್ವನ ಹಿಮ್ಮಡಿ ಒಡೆದಿತ್ತು. ಬಾಯಿಕಲ್ಲು ಸರಿಸಿ ನನ್ನನ್ನು ಒಂದು ದಿನ ಹಾಗೇ ಬಿಟ್ಟು, ಮರುದಿನ ಹಣತೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದವಳು ಅವಳು. ಮುಚ್ಚಿಟ್ಟ ಕಾಳು ನನ್ನ ಗಾಳಿಯನ್ನು ಕೆಡಿಸುತ್ತದೆ. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ.

ಅವಳು ತವರಿಗೆ ಹೋದ ವಾರ ದಂಡು ಬರುವ ಸುದ್ದಿ ಬಂತು. ಕಾಳು ತೆಗೆಯುವ ಅವಸರದಲ್ಲಿ ಅವಳ ಗಂಡ ದೀಪವಿಲ್ಲದೆ ಇಳಿದ. ಅವನನ್ನು ಎತ್ತಲು ತಮ್ಮ ಇಳಿದ. ಇಬ್ಬರನ್ನೂ ಎತ್ತಲು ಕೊನೆಯ ತಮ್ಮ. ಮೂವರ ಹೆಣವನ್ನೂ ಕೊಕ್ಕೆಯಿಂದ ಮೇಲೆಳೆದುಕೊಂಡರು. ಆಮೇಲೆ ಬಾಯಿಕಲ್ಲು ಮುಚ್ಚಿ ಊರನ್ನೇ ಬಿಟ್ಟರು. ದಂಡಿಗೆ ಹೆದರಿಯೋ, ನನಗೆ ಹೆದರಿಯೋ, ಯಾರೂ ಹೇಳಿ ಹೋಗಲಿಲ್ಲ. ಮೇಲೆ ಗೋಡೆಗಳು ಬೀಳುವ ಸದ್ದು ಮಳೆಗಾಲಕ್ಕೊಂದರಂತೆ ಕೇಳಿಸುತ್ತಿತ್ತು. ಒಳಗೆ ಬೇರು ಇಳಿದು ಕೊಳೆಯಿತು, ನೀರು ಜಿನುಗಿತು.

ಇವತ್ತು ಮುಂಜಾನೆ ಕಲ್ಲಿನಾಚೆ ಮಾತು ಕೇಳಿಸಿತು. ಧಾರವಾಡದ ಕಾಲೇಜು ಮೇಷ್ಟ್ರು ವಾದಿರಾಜ ಹಾಳೂರು ನೋಡಲು ನಡೆದು ಬಂದಿದ್ದ. ಆಡು ಮೇಯಿಸುವ ಲಗಮವ್ವ ನಗಾಡಿದಳು.

"ಹತ್ತ ಮೈಲಿ ನಡದು ಬಂದು ಬಿದ್ದ ಗ್ವಾಡಿ ನೋಡತೀರಿ. ನಮ್ಮೂರಾಗ ನಿಂತಾವ, ಅವನ್ನ ಯಾರೂ ನೋಡವಲ್ಲರು."

ಸಂಗಡ ಇದ್ದ ಚುಕ್ಕಿ ತಾಯಿ ಸತ್ತ ಮರಿಯಂತೆ. ಬಾಟಲಿ ಹಾಲು ಕುಡಿಸಿ, ತನ್ನ ಕೌದಿಯೊಳಗೇ ಮಲಗಿಸಿ ಬೆಳೆಸಿದ್ದಳಂತೆ. ಅವಳು ಬೇಡವೆನ್ನುತ್ತಿದ್ದಂತೆಯೇ ಅವನು ಕಟ್ಟಿಗೆಯಿಂದ ಮೀಟಿ ನನ್ನ ಕಲ್ಲು ಸರಿಸಿದ. ಮರಿ ಮೂಸಲು ಬಂತು, ಅಂಚಿನ ಮಣ್ಣು ಜರಿಯಿತು.

"ಪುಸ್ತಕದಾಗ ಓದೀನಿ," ಎಂದ ವಾದಿರಾಜ, ಅವಳ ಸೌದೆಯ ಹಗ್ಗ ಬಿಚ್ಚುತ್ತ. "ಹಗೇವಿಗೆ ಇಳಿಯೂ ಮೊದಲ ದೀಪ ಇಳಸಬೇಕು."

ಮೊಬೈಲಿನ ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದ. ಆ ಬೆಳಕು ನನ್ನ ಕುತ್ತಿಗೆ ದಾಟಿತು, ಹೊಟ್ಟೆ ದಾಟಿತು, ಮಂಡಿಯೂರಿ ತೇಕುತ್ತಿದ್ದ ಮರಿಯ ಬೆನ್ನ ಮೇಲೆ ನಿಂತಿತು.

"ಆರಲಿಲ್ಲ, ನೋಡ್ರಿ. ಗಾಳಿ ಛಲೋ ಅದ."

ನನಗೆ ಬಾಯಿ ಇದೆ, ದನಿಯಿಲ್ಲ.

"ಅದು ಆರೂ ದೀಪ ಅಲ್ಲ, ತಮ್ಮಾ," ಎಂದಳು ಲಗಮವ್ವ. "ಅದು ಎಲ್ಲಿ ಉಸುರಾಡತೈತಿ?"

ಬುತ್ತಿಯ ಡಬ್ಬಿಗೆ ಒಣಹುಲ್ಲು ತುಂಬಿ ಕಡ್ಡಿ ಗೀರಿ ಅವಳು ಇಳಿಸಿದಳು. ಕುತ್ತಿಗೆ ದಾಟುತ್ತಿದ್ದಂತೆ ಉರಿ ಸತ್ತಿತು. ಹಗ್ಗಕ್ಕೆ ಕುಣಿಕೆ ಹಾಕಿ ಮೂರು ಸಲ ಬೀಸಿದಳು. ಮರಿ ನನ್ನ ಬಗಲಿಗೆ ಉರುಳಿತ್ತು, ಸಿಗಲಿಲ್ಲ. ಅವಳ ಬೆರಳು ಊರಿದ ಕಡೆಯಿಂದ ಮಣ್ಣು ಉದುರುತ್ತಲೇ ಇತ್ತು.

"ತಪ್ಪು ನಂದು." ವಾದಿರಾಜ ಹಗ್ಗವನ್ನು ಸೊಂಟಕ್ಕೆ ಬಿಗಿದ. "ಉಸಿರು ಹಿಡದು ಇಳೀತೀನಿ. ಒಂದ ನಿಮಿಷ."

"ಉಸುರು ಹಿಡದಂವ ಕೆಳಗ ಹೋಗಿ ಬಗ್ಗಿ ಎತ್ತಬೇಕಲ್ಲ. ಎತ್ತೂವಾಗ ಬಿಡತಿ."

ಅವನು ಕೇಳಲಿಲ್ಲ. ಬೂಟು ತೊಟ್ಟ ಎರಡು ಕಾಲು ನನ್ನ ಬಾಯೊಳಗೆ ಇಳಿಬಿದ್ದವು. ಅಂಗಾಲು ಕಾಣದ ಮೊದಲ ಮನುಷ್ಯ.

ನನಗೆ ವಯಸ್ಸಾಗಿದೆ. ಇನ್ನೊಂದು ಮಳೆಗಾಲಕ್ಕೆ ನನ್ನ ಕುತ್ತಿಗೆಯೂ ಕುಸಿದೀತು. ಇಟ್ಟದ್ದನ್ನು ಕಾದು ತಿರುಗಿ ಕೊಡುವುದು ನನಗೆ ಕಲಿಸಿದ ಒಂದೇ ಕೆಲಸ, ಅದರಲ್ಲಿ ಮೂರು ಸಲ ಸೋತಿದ್ದೇನೆ. ಅಂದು ನನ್ನ ಅಂಚಿನಲ್ಲಿದ್ದವರೆಲ್ಲ ಹಗ್ಗ ಹಿಡಿದಿದ್ದರು. ಬೇಡವೆಂದವರು ಒಬ್ಬರೂ ಇರಲಿಲ್ಲ.

ಮರಿ ಒದರಿತು, ಮೊದಲಿಗಿಂತ ಸಣ್ಣಗೆ. ಲಗಮವ್ವನ ಮುಖ ನನ್ನ ಮೇಲೆ ಬಾಗಿಯೇ ಇತ್ತು.

ವಾದಿರಾಜ ಹಗ್ಗದ ಇನ್ನೊಂದು ತುದಿಯನ್ನು ಅವಳತ್ತ ಚಾಚಿದ.

"ಹಿಡೀರಿ, ಯವ್ವಾ. ನಿಮ್ಮ ಮರಿ ಇನ್ನೂ ಜೀವಂತ ಅದ."

"ಹಿಡಿಯಂಗಿಲ್ಲ," ಎಂದಳು ಲಗಮವ್ವ. "ಕಾಲ ಮ್ಯಾಲ ತಗೀ."