ಮೇಜಿನ ಮೇಲೆ ಜಾಗ

ನಮ್ಮ ಮನೆಯ ಬಾಗಿಲು ಇರುವುದು ಒಳಗೆ ಬರುವುದಕ್ಕೆ ಮಾತ್ರ. ಒಂದು ಸಲ ಒಳಗೆ ಬಂದ ಸಾಮಾನು ಹೊರಗೆ ಹೋದದ್ದನ್ನು ಮದುವೆಯಾಗಿ ಬಂದಂದಿನಿಂದ ನಾನು ಕಂಡಿಲ್ಲ. ನಮ್ಮ ಯಜಮಾನರದು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಕೆಲಸ. ರಿಪೇರಿಯಾದದ್ದು ಗಿರಾಕಿಯ ಮನೆಗೆ ಹೋಗುತ್ತದೆ, ಆಗದ್ದು ನಮ್ಮ ಮನೆಗೆ ಬರುತ್ತದೆ. ಸುಟ್ಟ ಮೋಟಾರು, ರೆಕ್ಕೆ ಮುರಿದ ಫ್ಯಾನು, ತಂತಿ ಕಿತ್ತ ಪ್ಲಗ್ಗು, ಯಾವ ಡಬ್ಬಕ್ಕೂ ಹೊಂದದ ಮುಚ್ಚಳ. ಯಾಕೆ ರೀ ಇದು ಎಂದರೆ ಒಂದೇ ಉತ್ತರ: "ಇರ್ಲಿ ಬಿಡು, ಬೇಕಾಗುತ್ತೆ."

ಈ ಮಾತನ್ನು ಅವರು ಕಲಿತದ್ದು ತಾಯಿಯ ಹತ್ತಿರ. ನಮ್ಮತ್ತೆ ಖಾಲಿ ಬಾಟಲಿ ಎಸೆಯುವವರಲ್ಲ, ಬಾಟಲಿ ಸುತ್ತಿ ಬಂದ ಕಾಗದವನ್ನೂ ಎಸೆಯುವವರಲ್ಲ, ಕಾಗದಕ್ಕೆ ಕಟ್ಟಿದ್ದ ದಾರವನ್ನಂತೂ ಉಂಡೆ ಮಾಡಿ ಇಡುತ್ತಾರೆ. ಮಂಚದ ಕೆಳಗೆ ಅವರ ಡಬ್ಬಗಳು, ಬೀರುವಿನ ಮೇಲೆ ಅವರ ಕವರುಗಳು. ಕವರುಗಳನ್ನು ತುಂಬಿಡಲು ಒಂದು ದೊಡ್ಡ ಕವರು. ಮಾಡು ಸೋರಿದರೂ ನಮ್ಮ ಮನೆಯಲ್ಲಿ ನೀರು ನಿಲ್ಲಲಿಕ್ಕೆ ಜಾಗವಿಲ್ಲ.

ನಾನು ಬಟ್ಟೆ ಹೊಲಿಯುವವಳು. ಹೊಲಿಯುವುದಕ್ಕೆ ಮಿಷನ್ ಸಾಕು, ಕತ್ತರಿಸುವುದಕ್ಕೆ ಮೇಜು ಬೇಕು. ಬಟ್ಟೆಯನ್ನು ಸುಕ್ಕಿಲ್ಲದೆ ಪೂರ್ತಿ ಹರಡದೆ ಕತ್ತರಿ ಹಾಕುವುದು, ಕಣ್ಣು ಕಟ್ಟಿಕೊಂಡು ತಲೆ ಬೋಳಿಸುವುದು ಎರಡೂ ಒಂದೇ. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜೊಂದಿದೆ. ನನ್ನ ಕೆಲಸಕ್ಕೆಂದೇ, ನಾನೇ ಹಟ ಹಿಡಿದು ತರಿಸಿಕೊಂಡದ್ದು. ತಂದ ದಿನವೇ ಯಜಮಾನರು ಅದರ ಒಂದು ಮೂಲೆಯಲ್ಲಿ ಮಿಕ್ಸಿಯೊಂದನ್ನು "ಒಂದ್ನಿಮಿಷ" ಇಟ್ಟರು. ಆ ಮಿಕ್ಸಿ ಇನ್ನೂ ಅಲ್ಲೇ ಇದೆ. ಅದಕ್ಕೆ ಜೊತೆಯಾಗಿ ಅದರ ನೆಂಟರು, ಇಷ್ಟರು, ಊರವರೆಲ್ಲ ಬಂದು ಸೇರಿದರು. ಮೇಜಿನಲ್ಲಿ ನನಗೆ ಉಳಿದದ್ದು ಒಂದು ಊಟದ ತಟ್ಟೆ ಇಡುವಷ್ಟು ಜಾಗ. ಕತ್ತರಿಸುವ ಕೆಲಸವೆಲ್ಲ ಮಲಗುವ ಕೋಣೆಯ ನೆಲದ ಮೇಲೆ, ಮಂಡಿಯೂರಿ. ಮೊಣಕಾಲು ನೋವೆಂದು ಹೇಳಿದರೆ "ವಯಸ್ಸಾಯ್ತಲ್ಲ" ಎನ್ನುತ್ತಾರೆ. ನನ್ನ ವಯಸ್ಸಿಗೂ ಅವರ ಮಿಕ್ಸಿಗೂ ಏನು ಸಂಬಂಧ ಎಂದು ಅವರಿಗೆ ಹೊಳೆಯುವುದಿಲ್ಲ. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಹೀಗಿರುವಾಗ ಪಕ್ಕದ ಬೀದಿಯ ಹುಡುಗಿಯೊಬ್ಬಳು ಒಂದು ಕಪ್ಪು ಕೋಟು ಹಿಡಿದುಕೊಂಡು ಬಂದಳು. ಹೊಸದಾಗಿ ವಕೀಲಿ ಓದು ಮುಗಿಸಿದವಳು. ಕೋಟು ಅವಳ ತಾಯಿಯದು. ಆಕೆಯೂ ವಕೀಲೆ. ದೊಡ್ಡ ಆಳು, ದೊಡ್ಡ ದನಿ, ನಮ್ಮ ಬೀದಿಯಲ್ಲಿ ನಡೆದು ಹೋದರೆ ಗೊತ್ತಾಗುತ್ತಿತ್ತು. ತೀರಿಹೋಗಿ ವರ್ಷ ತುಂಬಿಲ್ಲ.

"ಅಕ್ಕಾ, ಸೋಮವಾರ ನಾನು ಮೊದಲನೇ ಸಲ ಕೋರ್ಟಲ್ಲಿ ನಿಂತ್ಕೋತೀನಿ. ಅಮ್ಮನ ಕೋಟಲ್ಲೇ ನಿಂತ್ಕೋಬೇಕು. ನನ್ನ ಅಳತೆಗೆ ಮಾಡಿಕೊಡ್ತೀರಾ?" ಎಂದಳು.

ಹಾಕಿಕೊಂಡು ತೋರಿಸಿದಳು. ಹೆಗಲು ತೋಳಿಗೆ ಇಳಿದಿತ್ತು, ಬೆರಳು ಕಾಣುತ್ತಿರಲಿಲ್ಲ. ಅಲ್ಲಲ್ಲಿ ಹಿಡಿದು ಹೊಲಿದರೆ ಮುಗಿಯುವ ಕೆಲಸವಲ್ಲ ಅದು. ಇಡೀ ಕೋಟನ್ನು ಬಿಚ್ಚಿ, ಭಾಗ ಭಾಗ ಬೇರೆ ಮಾಡಿ, ಹೊಸದಾಗಿ ಕತ್ತರಿಸಿ ಕೂಡಿಸಬೇಕು. ಬೇರೆ ಟೈಲರುಗಳು ಹೊಸದೇ ಹೊಲಿಸಿಕೊಳ್ಳಮ್ಮ ಎಂದು ಕಳಿಸಿದ್ದರಂತೆ. ನಾನು ಒಪ್ಪಿಕೊಂಡೆ. ಆ ಹುಡುಗಿಯ ಮುಖ ನೋಡಿ ಇಲ್ಲ ಎನ್ನಲು ನನಗೆ ಆಗಲಿಲ್ಲ.

ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದೆ. ಬೆನ್ನು, ಎದೆಯ ಎರಡು ಭಾಗ, ಕಾಲರ್, ತೋಳುಗಳು. ಯಾವುದು ಎಡ, ಯಾವುದು ಬಲ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೂಡಿಸುವ ಕ್ರಮದಲ್ಲೇ ಒಂದರ ಮೇಲೊಂದು ಇಟ್ಟು, ಧೂಳು ಕೂರದಿರಲಿ ಎಂದು ಹಳೆಯ ಟವಲಿನಲ್ಲಿ ಸುತ್ತಿಟ್ಟೆ. ಬಿಚ್ಚಿದ ಕೋಟನ್ನು ನೋಡಿದರೆ ಯಾರಿಗೂ ಕೋಟು ಎನಿಸುವುದಿಲ್ಲ, ದಾರ ಜೋತಾಡುವ ಚಿಂದಿ ಎನಿಸುತ್ತದೆ. ಅದಕ್ಕೇ ಮನೆಯಲ್ಲಿ ಇಬ್ಬರಿಗೂ ಹೇಳಿದ್ದೆ, "ಇದನ್ನ ಮುಟ್ಟಬೇಡಿ" ಎಂದು. ಅವರಿಬ್ಬರೂ ಹೂಂ ಎಂದಿದ್ದರು. ನಮ್ಮ ಮನೆಯಲ್ಲಿ ಹೂಂ ಎನ್ನುವುದಕ್ಕೆ ಕಿವಿ ಬೇಕಾಗಿಲ್ಲ.

ಶನಿವಾರ ಬೆಳಿಗ್ಗೆ ಕತ್ತರಿಸಲು ಕೂತೆ. ತೀರಿಹೋದವರ ಕೋಟನ್ನು ನೆಲಕ್ಕೆ ಹಾಕಲು ಮನಸ್ಸು ಬರಲಿಲ್ಲ. ಬೆನ್ನಿನ ಭಾಗವನ್ನು ಮೇಜಿನ ಮೇಲೆ ನನ್ನ ಪಾಲಿನ ಜಾಗದಲ್ಲಿ ಸ್ವಲ್ಪ ಹರಡಿದ್ದೆ ಅಷ್ಟೇ, ಮಗ್ಗುಲಲ್ಲಿದ್ದ ಎಣ್ಣೆಯ ಡಬ್ಬಿ ಉರುಳಿತು. ಬಟ್ಟೆ ಎಳೆದುಕೊಂಡದ್ದರಿಂದ ಕೂದಲೆಳೆಯಲ್ಲಿ ಉಳಿಯಿತು. ನನಗೆ ತಲೆಕೆಟ್ಟು ಹೋಯಿತು.

"ಸಂಜೆಯೊಳಗೆ ಈ ಮನೆಯಿಂದ ಈ ಕಸ ಹೋಗ್ಬೇಕು, ಇಲ್ಲಾ ನಾನು ಹೋಗ್ಬೇಕು! ಯಾವುದು ಅಂತ ನೀವೇ ತೀರ್ಮಾನ ಮಾಡಿ!"

ಬೀದಿಗೆ ಕೇಳುವಂತೆ ಕೂಗಿದೆ, ನಾಚಿಕೆಯೇನಿಲ್ಲ. ಬಟ್ಟೆಯನ್ನು ಮತ್ತೆ ಟವಲಿನಲ್ಲಿ ಸುತ್ತಿ ಕುರ್ಚಿಯ ಮೇಲಿಟ್ಟು, ಕೋಟಿನ ಒಳಗೆ ಕೊಡುವ ಅಸ್ತರಿ ಬಟ್ಟೆ, ಗುಂಡಿ ತರಲು ಪೇಟೆಗೆ ಹೊರಟುಬಿಟ್ಟೆ.

ವಾಪಸು ಬಂದು ಬಾಗಿಲು ತೆಗೆದರೆ, ನೆಲ ಕಾಣಿಸಿತು! ನಿಜವಾಗಿ ನೆಲ. ಅದರ ಬಣ್ಣವೇ ನನಗೆ ಮರೆತುಹೋಗಿತ್ತು. ಕುರ್ಚಿಗಳ ಮೇಲೆ ಮನುಷ್ಯರು ಕೂರಬಹುದಿತ್ತು. ಕಿಟಕಿಯಿಂದ ಬೆಳಕು ಗೋಡೆಯ ತನಕ ಬರುತ್ತಿತ್ತು. ಯಜಮಾನರು ಪೊರಕೆ ಹಿಡಿದು ಬೆವರೊರೆಸಿಕೊಳ್ಳುತ್ತಾ ನಿಂತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ಅಷ್ಟೊಂದು ಬೈದೆನಲ್ಲ, ಪಾಪ, ಎನಿಸಿತು.

"ನೋಡು, ಎಲ್ಲಾ ನಿನಗೋಸ್ಕರ," ಎಂದರು.

ಆಮೇಲೆ ಮೇಜಿನ ಕಡೆ ನೋಡಿದೆ. ಮೋಟಾರುಗಳು, ಫ್ಯಾನುಗಳು, ಮುಚ್ಚಳಗಳು, ಅಂಗಡಿಯಲ್ಲಿ ಜೋಡಿಸಿದ ಹಾಗೆ ಸಾಲಾಗಿ ಕೂತಿದ್ದವು. ಪೂರ್ತಿ ಮೇಜು, ಈ ತುದಿಯಿಂದ ಆ ತುದಿಗೆ. ನನ್ನ ತಟ್ಟೆಯಗಲದ ಜಾಗದಲ್ಲಿ ಒಂದು ಇಸ್ತ್ರಿಪೆಟ್ಟಿಗೆ ಮಲಗಿತ್ತು. ಕುರ್ಚಿಯ ಮೇಲೆ ಟವಲಿನ ಗಂಟು ಇರಲಿಲ್ಲ.

"ರೀ, ಇಲ್ಲಿದ್ದ ಟವಲು ಎಲ್ಲಿ?"

"ಆ ಚಿಂದೀನಾ? ಗುಜರಿ ಗಾಡಿಯವನಿಗೆ ಹಾಕ್ಬಿಟ್ಟೆ. ನಿನ್ನ ಕಟಿಂಗ್ ಪೀಸಿನ ಚೀಲ, ಕಾಗದದ ಅಳತೆಗಳು, ಎಲ್ಲಾ ಹೋಯ್ತು. ಮನೆ ಎಷ್ಟು ಹಗುರ ಆಯ್ತು ನೋಡು."

ಮೈಯೆಲ್ಲ ಉರಿದುಹೋಯಿತು. ಹಲ್ಲಿಲ್ಲದ ಬಾಚಣಿಗೆ ಎಸೆಯದ ಮನುಷ್ಯ! ತನ್ನ ತೂತು ಬಿದ್ದ ಬನೀನನ್ನು "ಒರೆಸೋಕಾಗುತ್ತೆ" ಎಂದು ಮಡಿಸಿಡುವ ಮನುಷ್ಯ! ಜೀವನದಲ್ಲಿ ಮೊದಲ ಸಲ ಕೈ ಬಿಚ್ಚಿ ಎಸೆದದ್ದು ನನ್ನ ಸಾಮಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

"ಗಾಡಿ ತೆಗೀರಿ," ಎಂದೆ.

ಗುಜರಿ ಅಂಗಡಿಗೆ ಸ್ಕೂಟರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಯಜಮಾನರದು ಒಂದೇ ರಾಗ: ಹೇಳಿದ್ದರೆ ಗೊತ್ತಾಗುತ್ತಿತ್ತು, ಹೇಳಬೇಕಾಗಿತ್ತು. ಹೇಳಿದ್ದೆ ಎಂದು ನಾನು ಹೇಳಲಿಲ್ಲ. ಚಿಂದಿಯ ರಾಶಿ ನನ್ನ ಎದೆಯುದ್ದ ಇತ್ತು. ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಹಾಕಿದೆ. ಜನರ ಪರದೆ, ಜನರ ಹಾಸಿಗೆ, ಜನರ ಬೆವರು. ಮೊದಲು ಟವಲು ಸಿಕ್ಕಿತು, ಬಿಚ್ಚಿಹೋಗಿತ್ತು. ಆಮೇಲೆ ಬೆನ್ನು. ಆಮೇಲೆ ಎದೆಯ ಭಾಗಗಳು, ಕಾಲರ್, ಎಡದ ತೋಳು. ಒಂದೊಂದು ಸಿಕ್ಕಾಗಲೂ ಕಳೆದುಹೋದ ಮಗು ಸಿಕ್ಕಿದಂತೆ ಎದೆಗೆ ಒತ್ತಿಕೊಂಡೆ. ಬಲದ ತೋಳು ಸಿಗಲಿಲ್ಲ.

ಯಜಮಾನರು ಹುಡುಕುತ್ತಿದ್ದಾರೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ಅವರು ಆಚೆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಹಳೆಯ ರೆಗ್ಯುಲೇಟರನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದರು.

"ಇಲ್ನೋಡೇ, ಚೆನ್ನಾಗೇ ಇದೆ. ಯಾರೋ ಪೆದ್ದ ಎಸೆದಿದಾನೆ."

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟನ್ನು ನಾನು ಈ ತನಕ ಯಾರಿಗೂ ವಿವರಿಸಿ ಹೇಳಿಲ್ಲ. ಹೇಳಿದರೆ ಅರ್ಥವಾಗುವುದೂ ಇಲ್ಲ. ಗುಜರಿ ಅಂಗಡಿಯವನಿಗೇ ಅರ್ಥವಾಯಿತೋ ಏನೋ, ಅವನೇ ಎದ್ದು ಬಂದು ಮೆಲ್ಲಗೆ ಹೇಳಿದ: "ಅಮ್ಮಾ, ಕಪ್ಪು ದಪ್ಪ ಬಟ್ಟೆ ತಾನೇ? ಪಕ್ಕದ ಗ್ಯಾರೇಜಿನೋರು ಕೈ ಒರೆಸೋಕೆ ಅಂತ ಒಂದೆರಡು ತುಂಡು ತಗೊಂಡು ಹೋದ್ರು."

ಗ್ಯಾರೇಜಿನಲ್ಲಿ ಸಿಕ್ಕಿತು. ಉದ್ದಕ್ಕೆ ಹರಿದು ಎರಡು ಮಾಡಿದ್ದರು. ಎರಡೂ ಗ್ರೀಸು ಕುಡಿದು ಬಿರುಸಾಗಿದ್ದವು. ಪಾಪ ಅವರದೇನು ತಪ್ಪು, ಚಿಂದಿ ಎಂದು ಕೊಟ್ಟದ್ದನ್ನು ಚಿಂದಿಯಂತೆ ಬಳಸಿದರು. ನಾನು ಅವುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದೆ. ಯಜಮಾನರ ಜೇಬಿನಲ್ಲಿ ರೆಗ್ಯುಲೇಟರು ಬಂತು.

ಸಂಜೆ ಹುಡುಗಿ ಅಳತೆ ನೋಡಲು ಬಂದಳು. ಸುಳ್ಳು ಹೇಳಬಹುದಿತ್ತು, ಇನ್ನೂ ಆಗಿಲ್ಲ ನಾಳೆ ಬಾ ಎನ್ನಬಹುದಿತ್ತು. ಕೂರಿಸಿ ನಡೆದದ್ದೆಲ್ಲ ಹೇಳಿದೆ. ಕಾಗದ ಬಿಚ್ಚಿ ತೋಳಿನ ತುಂಡುಗಳನ್ನು ಮುಂದಿಟ್ಟೆ. ಅವಳು ಗ್ರೀಸು ಅಂಟುತ್ತದೆ ಎಂದರೂ ಕೇಳದೆ ಕೈಗೆತ್ತಿಕೊಂಡಳು.

"ಈ ತೋಳು ಹಿಡ್ಕೊಂಡೇ ನಾನು ರಸ್ತೆ ದಾಟ್ತಿದ್ದೆ, ಅಕ್ಕಾ," ಎಂದಳು.

ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಗೊತ್ತಿಲ್ಲದೆ ಆಗಿಹೋಯ್ತಮ್ಮ. ಮನೆ ಕ್ಲೀನ್ ಮಾಡೋಕೆ ಹೋಗಿ ಹೀಗಾಯ್ತು. ಅಂಥದ್ದೇ ಬಟ್ಟೆ ಹೊಸದು ತಂದ್ಕೊಡ್ತೀನಿ."

ಹುಡುಗಿ ತಲೆಯೆತ್ತಿ ಅವರನ್ನು ನೋಡಿದಳು, ಮೇಜನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು. ತಾಯಿಯ ದನಿ ಅವಳಲ್ಲೂ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಕ್ಲೀನ್ ಮಾಡಿದ್ರಲ್ಲ, ನಿಮ್ಮದು ಏನೇನು ಎಸೆದ್ರಿ?"

ಉತ್ತರ ಕೊಟ್ಟವರು ಅತ್ತೆ, ಅದೇ ಕೋಣೆಯ ಮೂಲೆಯ ಮಂಚದ ಮೇಲೆ ಕೂತು ದಾರ ಸುತ್ತುತ್ತಾ.

"ಅವನದ್ಯಾಕೆ ಎಸೀಬೇಕು? ಅವನ ಸಾಮಾನಿಗೆಲ್ಲ ಅದರದರ ಜಾಗ ಇದೆಯಲ್ಲ. ಇವಳದ್ದೇ ಕುರ್ಚಿ ಮೇಲೆ, ನೆಲದ ಮೇಲೆ, ಎಲ್ಲೆಂದರಲ್ಲಿ ಬಿದ್ದಿರುತ್ತೆ. ಜಾಗ ಇಲ್ಲದ್ದನ್ನ ಕಸ ಅನ್ನದೆ ಇನ್ನೇನಂತಾರೆ?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ಅದಕ್ಕೇ ನನಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ನಾನು ಜಗಳವಾಡಿದ್ದು ಅವರ ಕಸದ ಮೇಲೆ. ಆ ಮನೆಯಲ್ಲಿ ಕಸ ಎಂದರೆ ನನ್ನ ಕೆಲಸ ಎಂದು ಯಾವತ್ತೋ ತೀರ್ಮಾನವಾಗಿಹೋಗಿತ್ತು. ನನಗೊಬ್ಬಳಿಗೆ ತಿಳಿಸಿರಲಿಲ್ಲ. ಸುಟ್ಟ ಮೋಟಾರಿಗೆ ಜಾಗವಿದೆ, ಯಾವ ಡಬ್ಬಕ್ಕೂ ಹೊಂದದ ಮುಚ್ಚಳಕ್ಕೆ ಜಾಗವಿದೆ, ನಾನು ಮಂಡಿ ಸವೆಸಿ ಹೊಲಿಯುವ ಬಟ್ಟೆಗೆ ಇಲ್ಲ.

ಅಳು ಬರಲಿಲ್ಲ. ಹುಡುಗಿಯ ಕಡೆ ತಿರುಗಿದೆ.

"ನಿಮ್ಮಮ್ಮ ದೊಡ್ಡ ಆಳು, ನೀನು ಸಣ್ಣವಳು. ಬೆನ್ನಲ್ಲಿ, ಪಕ್ಕದಲ್ಲಿ ಬಟ್ಟೆ ಉಳಿಯುತ್ತೆ. ಮೊಣಕೈ ಒಳಗಡೆ ಒಂದು ಜೋಡಣೆ ಕೊಟ್ರೆ ಅದೇ ಬಟ್ಟೇಲಿ ಇನ್ನೊಂದು ತೋಳು ಮಾಡ್ಬಹುದು. ಆದರೆ ಅಂದಾಜಲ್ಲಿ ಆಗೋದಿಲ್ಲ. ಎಲ್ಲಾನೂ ಒಟ್ಟಿಗೆ ಹರಡಿ ನೋಡ್ಬೇಕು. ಒಂದು ಬೆರಳು ತಪ್ಪಿದ್ರೂ ಮುಗೀತು, ಇನ್ನೊಂದು ಬಟ್ಟೆ ಇಲ್ಲ."

"ಹರಡಿ, ಅಕ್ಕಾ," ಎಂದಳು.

ಮೇಜಿನ ಹತ್ತಿರ ಹೋದೆ. ಇಸ್ತ್ರಿಪೆಟ್ಟಿಗೆ ಎತ್ತಿ ಯಜಮಾನರ ಕೈಗೆ ಕೊಟ್ಟೆ. ಅವರು ಅಭ್ಯಾಸಬಲದಿಂದ ಕುರ್ಚಿಯ ಕಡೆ ಬಗ್ಗಿದರು. ಕುರ್ಚಿಯಲ್ಲಿ ಹುಡುಗಿ ಕೂತಿದ್ದಳು, ಏಳಲಿಲ್ಲ. ನೆಲದ ಮೇಲಿಡಲು ಹೋದರು.

"ನೆಲದ ಮೇಲೆ ಇಟ್ಟರೆ ಕಸ ಆಗುತ್ತೆ, ಅತ್ತೆ ಈಗ ತಾನೇ ಹೇಳಿದ್ರು," ಎಂದೆ.

ಅವರ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯ ಮೇಲೆ ಮಿಕ್ಸಿ ಇಟ್ಟೆ. ಮಿಕ್ಸಿಯ ಮೇಲೆ ಮುಚ್ಚಳಗಳ ಡಬ್ಬ. ಸಂದಿಯಲ್ಲಿ ಮೋಟಾರು. ರಾಶಿ ಅವರ ಗದ್ದದ ತನಕ ಬಂತು. ಉಳಿದದ್ದನ್ನು ನಾನೂ ಹುಡುಗಿಯೂ ಸೇರಿ ಮಂಚದ ಮೇಲೆ ಅತ್ತೆಯ ಸುತ್ತ ಜೋಡಿಸಿದೆವು. ಅವರು ಕಾಲು ಮಡಚಿಕೊಂಡರು, ದಾರ ಸುತ್ತುವುದನ್ನು ಬಿಟ್ಟರು. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಕಪ್ಪು ಬಟ್ಟೆಯ ಭಾಗಗಳನ್ನೆಲ್ಲ ಹರಡಿದೆ. ಅಂಗೈಯಿಂದ ಸುಕ್ಕು ಸವರಿದೆ. ಇಡೀ ಕೋಟು ಮೇಜಿನ ಮೇಲೆ ಇದ್ದ ಒಂದು ತೋಳು ಚಾಚಿ ಮಲಗಿತು, ಸುತ್ತಲೂ ಇನ್ನೂ ಜಾಗವಿತ್ತು. ಟೇಪು ಹಿಡಿದು ಅಳೆದೆ. ಬಟ್ಟೆ ಸಾಕಾಗುತ್ತಿತ್ತು, ಸರಿಯಾಗಿ ಸಾಕಾಗುತ್ತಿತ್ತು.

"ಲೇ," ಬೆನ್ನ ಹಿಂದಿನಿಂದ ಯಜಮಾನರ ದನಿ ಬಂತು, "ತೋಳು ನೋಯ್ತಾ ಇದೆ. ಇದನ್ನೆಲ್ಲ ಎಲ್ಲಿಡ್ಲಿ?"

ಸೀಮೆಸುಣ್ಣದಿಂದ ಗೆರೆ ಎಳೆಯುವುದನ್ನು ಮುಗಿಸಿ ಕತ್ತರಿ ಕೈಗೆ ತಗೊಂಡೆ.

"ಹಿಡ್ಕೊಂಡಿರಿ," ಎಂದೆ.